ಮುಂದೆ ನಡೆಯುವವಳು

ತಳ ಹಿಡಿದ ಹಾಲಿನ ಪಾತ್ರೆ ಉಜ್ಜುತ್ತಿದ್ದೆ. ಮೊಣಕೈವರೆಗೂ ನೊರೆ. ಫ್ರಿಜ್ಜಿನ ಮೇಲಿಟ್ಟಿದ್ದ ಫೋನು ಬಡಿದುಕೊಳ್ಳತೊಡಗಿತು. ಶನಿವಾರ ನಸುಕಿಗೆ ಬೆಟ್ಟಕ್ಕೆ ಹೊರಡುವ ಗುಂಪಿನ ಉಸ್ತುವಾರಿ ನನ್ನದು. ಶುಕ್ರವಾರ ಬಂತೆಂದರೆ ಫೋನಿಗೂ ನನಗೂ ಬಿಡುವಿರುವುದಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮಗಳು ಚಾಕು ಕೆಳಗಿಟ್ಟು ಎದ್ದಳು. ಫೋನು ತೆಗೆದು, ಸ್ಪೀಕರ್ ಒತ್ತಿ, ಯಾವಾಗಲೂ ಮಾಡುವ ಹಾಗೆ ನನ್ನ ಕಿವಿಯ ಹತ್ತಿರ ಹಿಡಿದಳು.

ಹಗ್ಗದ ಮೇಷ್ಟ್ರು. ಊರಿನ ಆ ತುದಿಯ ಯಾವುದೋ ಶಾಲೆಯಲ್ಲಿ ಅವರು ಆಟದ ಮೇಷ್ಟ್ರು. ಬಂಡೆ ಹತ್ತುವಾಗ ನಮ್ಮೆಲ್ಲರ ಹಗ್ಗ ಹಿಡಿಯುವವರು ಅವರಾದ್ದರಿಂದ ನಮ್ಮ ಗುಂಪಿನಲ್ಲಿ ಅದೇ ಹೆಸರು.

"ಅಕ್ಕಾ, ಬಂಡೆ ಹತ್ತೋಕೆ ಸಣ್ಣ ಸೈಜಿನ ಬೆಲ್ಟು ಸಿಕ್ತು ನೋಡಿ. ನಮ್ಮ ಮುಂದಾಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಹೋದ ಸಲದ ಥರ ದೊಡ್ಡದನ್ನ ಸುತ್ತಿ ಸುತ್ತಿ ಕಟ್ಟೋ ಫಜೀತಿ ಇಲ್ಲ."

ನನ್ನ ಕೈಯಲ್ಲಿದ್ದ ಪಾತ್ರೆ ಜಾರಿ ಸಿಂಕಿಗೆ ಬಿತ್ತು. ಕೈ ಒದ್ದೆ ಇದೆ ಮೇಷ್ಟ್ರೇ, ಆಮೇಲೆ ನಾನೇ ಫೋನು ಮಾಡುತ್ತೇನೆ ಎಂದೆ. ಮಗಳು ಕರೆ ಮುಗಿಸಿ, ಫೋನಿಗೆ ತಾಗಿದ್ದ ನೊರೆಯನ್ನು ತನ್ನ ಅಂಗಿಗೆ ಒರೆಸಿ, ಅದನ್ನು ಮತ್ತೆ ಫ್ರಿಜ್ಜಿನ ಮೇಲಿಟ್ಟಳು. ಹೋಗಿ ಕುಳಿತು ಬೆಣ್ಣೆ ಸವರುವುದನ್ನು ಮುಂದುವರಿಸಿದಳು. ಮೂಲೆ ಮೂಲೆಗೂ ತಲುಪುವಂತೆ, ನಿಧಾನವಾಗಿ. ಅವಳು ಏನೇ ಮಾಡಿದರೂ ನಿಧಾನ.

ಈ ವಾರದ ಮೊದಲಲ್ಲೇ ನಾನು ಅವಳಿಗೆ ಹೇಳಿಬಿಟ್ಟಿದ್ದೆ, ಈ ಸಲ ವ್ಯಾನು ಭರ್ತಿ, ಕಂದಾ, ನಿನಗೆ ಜಾಗ ಇಲ್ಲ ಎಂದು. ವ್ಯಾನಿನಲ್ಲಿ ಜಾಗವಿತ್ತು. ಹಿಂದಿನ ಸೀಟಿನಲ್ಲಿ ಅವಳೂ, ಅವಳ ಬ್ಯಾಗೂ, ಬೇಕಿದ್ದರೆ ಅವಳು ದಾರಿಯಲ್ಲಿ ಆರಿಸುವ ಕಲ್ಲುಗಳೂ ಕೂರುವಷ್ಟು ಜಾಗ.

ನಮ್ಮ ಗುಂಪಿನಲ್ಲಿ ಒಂದು ಕ್ರಮವಿದೆ. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ ನಡೆಯಬೇಕು. ಉಳಿದವರು ಅವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಹಿಂದೆ ಬಿಟ್ಟರೆ ಅವರು ಓಡಿ ಓಡಿ ಸುಸ್ತಾಗುತ್ತಾರೆ, ದಾರಿ ತಪ್ಪುತ್ತಾರೆ. ಹೋದ ಸಲ ಮಗಳನ್ನು ಮುಂದೆ ನಿಲ್ಲಿಸಿದ್ದು ಅದಕ್ಕೇ. ಆದರೆ ಅದನ್ನು ಅವಳಿಗೆ ಬಿಡಿಸಿ ಹೇಳುವ ಮೊದಲೇ ಮೇಷ್ಟ್ರು, "ನಡೀರಿ ಮುಂದಾಳು" ಎಂದುಬಿಟ್ಟರು. ಅವಳ ಕತ್ತು ನೆಟ್ಟಗಾಯಿತು. ಇಷ್ಟು ಜನ ದೊಡ್ಡವರಿಗೆ ತಾನೇ ದಾರಿ ತೋರಿಸುವವಳು ಎಂದುಕೊಂಡಳು. ನಾನು ತಿದ್ದಲಿಲ್ಲ. ಆ ಕತ್ತನ್ನು ಬಗ್ಗಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ?

ಅವಳು ನಡೆಸಿದಳು. ಇರುವೆ ಸಾಲು ಅಡ್ಡ ಬಂದರೆ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದಳು. ಹೊಳೆಯುವ ಕಲ್ಲು ಕಂಡರೆ ನಿಂತಳು. ಯಾರ ಉಸಿರಾದರೂ ಜೋರಾಗಿ ಕೇಳಿಸಿದರೆ ತಿರುಗಿ ನೋಡಿ ಕಾದಳು. ಬಂಡೆಯ ಬುಡ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಮೇಷ್ಟ್ರು ಬಂಡೆಗೆ ಅಂಗೈ ಇಟ್ಟು ನೋಡಿ, ಕಾದಿದೆ, ಅರ್ಧ ಜನ ಮಾತ್ರ ಹತ್ತಿ, ಉಳಿದವರಿಗೆ ಮುಂದಿನ ಸಲ ಎಂದರು. ಉಳಿದವರಲ್ಲಿ ನಾನೂ ಒಬ್ಬಳು. ಎಲ್ಲರಿಗೂ ಫೋನು ಮಾಡಿ, ವ್ಯಾನು ಹಿಡಿದು, ಮೊಟ್ಟೆ ಬೇಯಿಸಿ, ಹಗ್ಗ ಹೊರಿಸಿ ತಂದವಳು ಬಂಡೆಯನ್ನು ಕೆಳಗಿನಿಂದ ನೋಡಿ ವಾಪಸು ಬಂದೆ.

ನಮ್ಮ ಗುಂಪಿನ ಔಷಧಿ ಅಂಗಡಿಯವರಿಗೂ ಸರದಿ ತಪ್ಪಿತ್ತು. ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ, "ಮುಂದಿನ ಸಲ ಹಿಂದಿನ ದಿನಾನೇ ಹೊರಟುಬಿಡೋಣ ಕಣ್ರೀ, ಈ ಸ್ಪೀಡಿಗೆ" ಎಂದರು. ಎಲ್ಲರೂ ನಕ್ಕರು. ಅವರು ಆಡಿದ್ದು ತಮಾಷೆಗೇ. ಆ ಗಳಿಗೆಯಲ್ಲೇ ತಮ್ಮ ಪಾಲಿನ ಚಾಕೊಲೇಟು ಮುರಿದು ಮಗಳ ಕೈಗಿಟ್ಟು, ಆಡಿದ್ದನ್ನು ಮರೆತೇಬಿಟ್ಟರು. ನಾನು ಮರೆಯಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ದೊಡ್ಡವರು ನಗುತ್ತಿದ್ದಾರೆಂದು ಅವಳೂ ನಕ್ಕಳು, ಬಾಯ ತುಂಬ ಚಾಕೊಲೇಟು ಇಟ್ಟುಕೊಂಡು.

ಈ ಸಲ ಅವಳನ್ನು ಬಿಟ್ಟು ಹೋಗೋಣವೆಂದು ನನಗೆ ಯಾರೂ ಹೇಳಿರಲಿಲ್ಲ. ಬೇಕರಿಯಲ್ಲಿ ರಾತ್ರಿಪಾಳಿ ಮಾಡುವ ನನ್ನ ಗಂಡನಿಗೆ ವಿಷಯ ಹೇಳಿದಾಗ, ಅವರು ದಿಂಬು ಸರಿಮಾಡಿಕೊಳ್ಳುತ್ತಾ, "ಅವಳೇನಾದ್ರೂ ಕೇಳಿದ್ರೆ ನಾನು ನಿದ್ದೆ ಮಾಡ್ತಿರ್ತೀನಿ" ಎಂದಿದ್ದರು. ನಗು ಬಂದಿತ್ತು ಆಗ.

"ಅಮ್ಮಾ," ಎಂದಳು ಮಗಳು ಬ್ರೆಡ್ಡಿನ ಅಂಚನ್ನು ಬಿಡಿಸುತ್ತಾ, "ವ್ಯಾನಿನ ಹಿಂದಿನ ಸೀಟಲ್ಲಿ ಎಷ್ಟು ಜನ ಕೂರ್ತಾರೆ?"

ಹಗ್ಗ, ಬೆಲ್ಟು ಎಲ್ಲ ಅಲ್ಲೇ ತುಂಬುತ್ತಾರೆ ಎಂದೆ. ಸರಿ ಎಂದಳು. ಶೂ ಲೇಸು ಕಟ್ಟುವಾಗ ಮತ್ತೆ ಕೇಳಿದಳು, ಹೋದ ಸಲ ತಾನೇ ಅಲ್ಲವೇ ಮುಂದೆ ನಡೆದದ್ದು ಎಂದು. ಹೌದು ಎಂದೆ. ಅದಕ್ಕೂ ಸರಿ ಎಂದಳು. ಅವಳು ಬೇರೆಯದೇನನ್ನೋ ಕೇಳಬೇಕೆಂದಿದ್ದಾಳೆ, ಅದರ ಸುತ್ತಲೇ ಸುತ್ತುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ತುರುಕಿ, ತಡವಾಯಿತು ನಡಿ ನಡಿ ಎಂದು ಅವಳನ್ನು ಬಾಗಿಲಿನಿಂದ ಹೊರಗೆ ದಾಟಿಸಿದೆ.

ನಾನು ಕೆಲಸ ಮಾಡುವುದು ಲಾಂಡ್ರಿ ಅಂಗಡಿಯಲ್ಲಿ. ಮುಂದೆ ಗಿರಾಕಿಗಳ ಕೌಂಟರು, ನಡುವೆ ಗಾಜಿನ ಕಿಟಕಿ, ಹಿಂದೆ ಇಸ್ತ್ರಿಯ ಕೋಣೆ. ಆ ಕೋಣೆಯ ಗೋಡೆಗುಂಟ ಬಿಸಿ ಕೊಳವೆಗಳು ಹೋಗುವುದರಿಂದ ಅಲ್ಲಿ ಯಾವ ಕಾಲಕ್ಕೂ ತೇವ ಇರುವುದಿಲ್ಲ. ಅದಕ್ಕೇ ಗುಂಪಿನ ಹಗ್ಗ ಅಲ್ಲೇ, ಮೂಲೆಯ ಗೂಟದ ಮೇಲೆ ಇರುತ್ತದೆ. ಒಗೆದ ಹಗ್ಗವನ್ನು ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಎಳೆ ಬಲ ಕಳೆದುಕೊಳ್ಳುತ್ತದೆ ಎಂದು ಮೇಷ್ಟ್ರು ಕಲಿಸಿದ್ದಾರೆ.

ಮೊದಲ ಗಿರಾಕಿಯ ಕೋಟು ಒಳಗೆ ಹಾಕಿ ಮೇಷ್ಟ್ರಿಗೆ ಫೋನು ಮಾಡಿದೆ. ಮಗಳು ಬರುವುದಿಲ್ಲ ಎಂದೆ. ಹುಷಾರಿಲ್ಲವೇ ಎಂದು ಕೇಳಿದರು. ಹುಷಾರಾಗಿದ್ದಾಳೆ ಎಂದೆ.

"ಅವಳಿಗೇ ಮನಸ್ಸಿಲ್ಲ, ಮೇಷ್ಟ್ರೇ."

ಬಾಯಿಂದ ಹೊರಗೆ ಬಿದ್ದ ಮೇಲೆ ಆ ಮಾತು ನನ್ನದೇ ಎಂದು ಗೊತ್ತಾಯಿತು. ಮೊದಲನೆಯ ಸುಳ್ಳಿನಲ್ಲಿ ವ್ಯಾನಿನ ಮೇಲೆ ತಪ್ಪು ಹೊರಿಸಿದ್ದೆ, ಅದಕ್ಕೆ ಬಾಯಿಲ್ಲ. ಈಗ ಅವಳ ಮೇಲೆಯೇ ಹೊರಿಸಿದ್ದೆ. ಮೇಷ್ಟ್ರು, ಮಕ್ಕಳ ಮನಸ್ಸು, ಬಿಡಿ ಎಂದರು. ಹಾಗಾದರೆ ಮುಂದೆ ಯಾರನ್ನು ನಿಲ್ಲಿಸುವುದೆಂದು ಯೋಚಿಸಬೇಕಲ್ಲ ಎಂದೂ ಸೇರಿಸಿದರು.

ವ್ಯಾನಿನ ಡ್ರೈವರನಿಗೆ ಹೊರಡುವ ಹೊತ್ತು ಹೇಳಿದೆ. ಔಷಧಿ ಅಂಗಡಿಯವರಿಗೆ ಬ್ಯಾಂಡೇಜಿನ ಡಬ್ಬಿ ನೆನಪಿಸಿದೆ. ಅವರು, "ಮರಿ ಏನಂತಾಳೆ? ಅವಳಿಗೆ ಅಂತ ಎರಡು ಚಾಕೊಲೇಟು ಜಾಸ್ತಿ ಇಟ್ಟಿದೀನಿ ಅಂತ ಹೇಳಿ" ಎಂದರು. ಹೇಳುತ್ತೇನೆ ಎಂದೆ. ಇವರ ಒಂದು ಮಾತಿನ ನೆಪ ಹಿಡಿದುಕೊಂಡು ವಾರವಿಡೀ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಆ ನೆಪವೂ ಕೈಬಿಟ್ಟಿತು.

ಮಧ್ಯಾಹ್ನ ಟೈಲರ್ ಅಕ್ಕ ಅಂಗಡಿಗೆ ಬಂದರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ಹೊಲಿಗೆ ಮಿಷನ್ನು ತುಳಿದೂ ತುಳಿದೂ ಮಂಡಿ ಸವೆದಿದೆ, ಆದರೂ ಬೆಟ್ಟದ ಹುಚ್ಚು ಬಿಟ್ಟಿಲ್ಲ. ಕೌಂಟರಿನ ಮೇಲೆ ಒಂದು ಪುಟ್ಟ ಚೀಲ ಇಟ್ಟರು. ಬಂಡೆ ಹತ್ತುವಾಗ ಕೈ ಬೆವರಿ ಜಾರದಿರಲೆಂದು ಸವರಿಕೊಳ್ಳುವ ಬಿಳಿ ಪುಡಿಯ ಚೀಲ, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಯಾರದೋ ಕೆಂಪು ಪರದೆಯ ಉಳಿದ ತುಂಡಿನಲ್ಲಿ ಹೊಲಿದಿದ್ದರು. ಒಳಗೆ ಮೆತ್ತನೆಯ ಅಸ್ತರಿ. ಪಟ್ಟಿ ಗಿಡ್ಡ, ದೊಡ್ಡವರ ಸೊಂಟಕ್ಕೆ ಸಾಲದು.

"ನಿನ್ನ ಮಗಳಿಗೆ ಕಣೇ. ಹೋದ ಸಲ ನನ್ನ ಮಂಡಿ ಮಾರನೇ ದಿನ ಒಂದು ಮಾತೂ ಆಡಲಿಲ್ಲ ಗೊತ್ತಾ? ಅವಳು ಮುಂದೆ ಇದ್ರೆ ನಾನು ಎರಡನೆಯವಳು. ಯಾರೂ ನನ್ನ ಕಾಲು ನೋಡಲ್ಲ. ಎಲ್ರೂ ಅವಳು ಯಾವ ಕಲ್ಲು ಎತ್ಕೋತಾಳೆ ಅಂತ ನೋಡ್ತಾರೆ."

ಹೇಳಿಬಿಡಬೇಕಿತ್ತು. ಅಕ್ಕಾ, ನಾನು ಅವಳನ್ನು ಕರೆದುಕೊಂಡು ಬರುತ್ತಿಲ್ಲ, ನನಗೆ ನಾಚಿಕೆಯಾಗಿತ್ತು, ನನಗೆ ಬಂಡೆ ಹತ್ತುವ ಆಸೆಯಾಗಿತ್ತು ಎಂದು. ಆದರೆ ಅಷ್ಟರಲ್ಲಿ ಒಬ್ಬರು ಕಂಬಳಿಗಳ ಗಂಟು ಹೊತ್ತು ಒಳಗೆ ಬಂದರು. ನಾನು ಆ ಗಂಟಿಗೆ ಕೃತಜ್ಞಳಾದೆ. ಟೈಲರ್ ಅಕ್ಕ ಕೈ ಬೀಸಿ, ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಇಳಿದು ಹೋದರು. ಚೀಲವನ್ನು ಎಲ್ಲಿಡುವುದೆಂದು ತೋಚದೆ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯಾದ ಬಟ್ಟೆಗಳ ಸಾಲಿನ ಕೊನೆಯ ಕೊಕ್ಕೆಗೆ ತೂಗುಹಾಕಿದೆ.

ಶಾಲೆ ಬಿಟ್ಟ ಮೇಲೆ ಮಗಳು ಅಂಗಡಿಗೇ ಬರುತ್ತಾಳೆ. ಬ್ಯಾಗನ್ನು ಮೇಜಿನ ಕೆಳಗೆ ತಳ್ಳಿ, ಕೊಳವೆಗೆ ಬೆನ್ನು ಕೊಟ್ಟು ಕುಳಿತು ಹಾಲು ಕುಡಿಯುತ್ತಾಳೆ. ಇವತ್ತು ಲೋಟ ಹಿಡಿದವಳ ಕಣ್ಣು ಸೀದಾ ಆ ಕೊಕ್ಕೆಗೆ ಹೋಯಿತು. ಯಾರದಮ್ಮ ಅದು ಎಂದಳು. ಯಾರದೋ, ಬಂದು ತೆಗೆದುಕೊಂಡು ಹೋಗುತ್ತಾರೆ ಎಂದೆ.

"ಚೀಟಿ ಇಲ್ಲ," ಎಂದಳು.

ನಮ್ಮ ಅಂಗಡಿಯಲ್ಲಿ ಗಿರಾಕಿಯ ಹೆಸರಿನ ಚೀಟಿ ಇಲ್ಲದ ಒಂದು ಕರವಸ್ತ್ರವೂ ತೂಗುವುದಿಲ್ಲ. ರಜೆಯಲ್ಲಿ ಕುಳಿತು ಅವುಗಳಿಗೆ ಪಿನ್ನು ಚುಚ್ಚಿಕೊಡುವವಳು ಅವಳೇ. ಹಾಕುತ್ತೇನೆ ಎಂದು ಗೊಣಗಿ, ಒಂದು ಖಾಲಿ ಚೀಟಿಯನ್ನು ಆ ಕೆಂಪು ಬಟ್ಟೆಗೆ ಚುಚ್ಚಿದೆ. ಅದರ ಮೇಲೆ ಏನು ಬರೆಯಲಿ? ಹೊರಗೆ ಗಿರಾಕಿಯೊಬ್ಬರು ಗಂಟೆ ಬಾರಿಸಿದರು, ಕೌಂಟರಿಗೆ ಹೋದೆ.

ಗಿರಾಕಿಗೆ ಅಂಗಿಗಳನ್ನು ಮಡಿಸಿ ಕೊಡುತ್ತಾ ಗಾಜಿನಾಚೆ ನೋಡಿದೆ. ಮಗಳು ಚೀಲವನ್ನು ಕೊಕ್ಕೆಯಿಂದ ತೆಗೆದಿದ್ದಳು. ಪಟ್ಟಿಯನ್ನು ಸೊಂಟಕ್ಕೆ ಸುತ್ತಿ ಕ್ಲಿಪ್ಪು ಒತ್ತಿದಳು. ಸರಿಯಾಗಿ ಕೂತಿತು, ಎಲ್ಲೂ ಬಿಗಿಯಿಲ್ಲ, ಸಡಿಲವಿಲ್ಲ. ಕೈಯನ್ನು ಚೀಲದೊಳಗೆ ಅದ್ದಿ ತೆಗೆದಳು, ಇಲ್ಲದ ಪುಡಿಯನ್ನು ಉಫ್ ಎಂದು ಊದಿದಳು. ಆಮೇಲೆ ಬಿಚ್ಚಿ, ಇದ್ದಲ್ಲೇ ತೂಗುಹಾಕಿ, ಖಾಲಿ ಚೀಟಿ ಎದುರಿಗೆ ಕಾಣುವ ಹಾಗೆ ತಿರುಗಿಸಿ ಇಟ್ಟಳು. ಗಿರಾಕಿ ಏನೋ ಕೇಳಿದರು. ಎರಡನೇ ಸಲ ಕೇಳಿದ ಮೇಲೆ ನನಗೆ ಕೇಳಿಸಿತು.

ಅಂಗಡಿ ಮುಚ್ಚುವ ಮುಂಚೆ ಉಳಿದದ್ದು ಹಗ್ಗ ನೋಡುವ ಕೆಲಸ. ಪ್ರತಿ ಸಲ ಹೊರಡುವ ಮುನ್ನ ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಇಬ್ಬರು ಮುಟ್ಟಿ ನೋಡಲೇಬೇಕು. ಮೊದಲನೆಯವರ ಬೆರಳಿನಿಂದ ಜಾರಿದ್ದು ಎರಡನೆಯವರ ಬೆರಳಿಗೆ ಸಿಗಬೇಕು. ಕಣ್ಣು ಮುಚ್ಚಿಕೊಂಡು ಮುಟ್ಟಬೇಕು, ಏಕೆಂದರೆ ಒಳಗಿನ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಎಲ್ಲಾದರೂ ಮೆತ್ತಗಾಗಿದ್ದರೆ, ಚಪ್ಪಟೆಯಾಗಿದ್ದರೆ ಬೆರಳಿಗೆ ತಿಳಿಯುತ್ತದೆ. ಯಾರ ಕೈ ನಿಂತರೂ ಇಬ್ಬರೂ ನಿಲ್ಲಬೇಕು. ನಿಂತವರು ಯಾಕೆ ನಿಂತೆನೆಂದು ಹೇಳಲೇಬೇಕು, ಏನೂ ಇಲ್ಲ ಎಂದು ಮುಂದೆ ಹೋಗುವ ಹಾಗಿಲ್ಲ. ಎದುರಿನವರೂ ಪೂರ್ತಿ ಉತ್ತರ ಕೊಡದೆ ಹಗ್ಗ ಎಳೆಯುವ ಹಾಗಿಲ್ಲ. ಜೀವ ಆ ಹಗ್ಗದ ಮೇಲೆಯೇ ತೂಗುವುದರಿಂದ ಇದರಲ್ಲಿ ದಾಕ್ಷಿಣ್ಯವಿಲ್ಲ ಎಂದು ಮಗಳಿಗೆ ಕಲಿಸಿದವಳು ನಾನೇ. ಪ್ರತಿ ಸಲ ಎರಡನೆಯ ಕೈ ಅವಳದು. ಅವಳಷ್ಟು ನಿಧಾನವಾಗಿ ಹಗ್ಗ ನೋಡುವವರು ಗುಂಪಿನಲ್ಲಿ ಬೇರೆ ಯಾರೂ ಇಲ್ಲವೆಂದು ಮೇಷ್ಟ್ರೇ ಹೇಳಿದ್ದರು.

ಇವತ್ತು ಅವಳನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ತಾನು ಹೋಗದ ಬೆಟ್ಟದ ಹಗ್ಗವನ್ನು ಅವಳೇಕೆ ನೋಡಬೇಕು? ಆದರೆ ನಾನು ಗೂಟದಿಂದ ಹಗ್ಗ ಇಳಿಸುವಷ್ಟರಲ್ಲಿ ಅವಳು ಕೈ ತೊಳೆದು ಒರೆಸಿಕೊಂಡು ಬಂದು ನನ್ನೆದುರು ನೆಲದ ಮೇಲೆ ಕುಳಿತಿದ್ದಳು.

ಶುರುಮಾಡಿದೆವು. ನನ್ನ ಬೆರಳುಗಳಿಂದ ಹಗ್ಗ ಅವಳ ಬೆರಳುಗಳಿಗೆ, ಅಲ್ಲಿಂದ ಅವಳ ಮಡಿಲ ಪಕ್ಕದಲ್ಲಿ ಸುರುಳಿಯಾಗಿ. ಇಸ್ತ್ರಿ ಪೆಟ್ಟಿಗೆ ಆರುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೇಳಿಬಿಡುತ್ತೇನೆ, ಮನೆಗೆ ಹೋಗುವ ದಾರಿಯಲ್ಲಿ ಹೇಳುತ್ತೇನೆ, ವ್ಯಾನಲ್ಲಿ ಒಂದು ಜಾಗ ಸಿಕ್ಕಿತು ಎನ್ನುತ್ತೇನೆ, ಅವಳು ಕುಣಿಯುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಸರಿಮಾಡುವುದಕ್ಕೂ ನಾನು ಹುಡುಕುತ್ತಿದ್ದುದು ಇನ್ನೊಂದು ಸುಳ್ಳನ್ನೇ.

ಹಗ್ಗ ನಿಂತಿತು.

ಕಣ್ಣು ತೆರೆದೆ. ಅವಳು ಎರಡು ಬೆರಳುಗಳ ನಡುವೆ ಹಗ್ಗವನ್ನು ಹಿಡಿದುಕೊಂಡಿದ್ದಳು. ನಾನು ಮುಂದೆ ಬಾಗಿ, ಅವಳು ಹಿಡಿದಲ್ಲೇ ನನ್ನ ಬೆರಳಿಟ್ಟು ಒತ್ತಿದೆ, ಹೊರಳಿಸಿದೆ. ಗಟ್ಟಿಯಾಗಿ, ದುಂಡಗೆ, ಒಂದೇ ಸಮನಾಗಿತ್ತು. ಹಗ್ಗಕ್ಕೆ ಏನೂ ಆಗಿರಲಿಲ್ಲ.

ಯಾಕೆ ನಿಲ್ಲಿಸಿದೆ ಕಂದಾ ಎಂದು ಕೇಳಿದೆ. ಕೇಳಲೇಬೇಕಿತ್ತು.

ಅವಳು ಹಗ್ಗ ಬಿಡಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡಿದಳು. ಬೆಳಗಿನಿಂದ ಸುತ್ತಿ ಬಳಸಿ ಬಂದದ್ದು ಈಗ ಅವಳ ತುಟಿಯ ಮೇಲಿತ್ತು.

"ನನ್ನ ಬಿಟ್ಟು ಹೋಗೋಣ ಅಂತ ಹೇಳಿದ್ದು ಯಾರಮ್ಮ? ಅವರಾ, ನೀನಾ?"