ದೊಡ್ಡದು ಮಾಡಿದ್ದು

ರಿಪೇರಿ ಮಾಡುವವನಿಗೆ ಬರಬಾರದ ರೋಗವೆಂದರೆ ಅತಿಜಾಣತನ. 2003ರಲ್ಲಿ ನನಗೆ ಅದು ಜೋರಾಗಿಯೇ ಇತ್ತು. ರಾಮದುರ್ಗದ ಬಸ್ ಸ್ಟ್ಯಾಂಡ್ ಎದುರಿಗೆ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಊರಿನಲ್ಲಿ ಕಂಪ್ಯೂಟರ್ ಬಿಚ್ಚಿ ಮತ್ತೆ ಜೋಡಿಸುವವರು ಇಬ್ಬರೇ. ಇನ್ನೊಬ್ಬ ಜೋಡಿಸುವಾಗ ಪ್ರತಿ ಸಲ ಎರಡು ಸ್ಕ್ರೂ ಉಳಿಸುತ್ತಿದ್ದ. ಹಾಗಾಗಿ ನನಗೆ ಸ್ವಲ್ಪ ಸೊಕ್ಕು.

ತಂಗಿ ಗಂಗಾಳನ್ನು ಸವದತ್ತಿಗೆ ಕೊಟ್ಟಿದ್ದೆವು. ಮದುವೆಯಾದ ಎರಡನೆಯ ವರ್ಷ ನಾನೇ ಒಂದು ಕಂಪ್ಯೂಟರ್ ಜೋಡಿಸಿ ಅವಳ ಮನೆಯಲ್ಲಿಟ್ಟು ಬಂದೆ. ಅದರಲ್ಲಿ ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಆ ಕೆಲಸ ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ಫೋನ್ ಮಾಡಿದಾಗ ನನ್ನ ಯೋಗಕ್ಷೇಮ ಕೇಳುವ ಮೊದಲು ಯಾವ ಒತ್ತಕ್ಷರ ಚೆಂದ ಮೂಡಿತು ಎಂದು ಹೇಳುತ್ತಿದ್ದಳು.

ಆ ಬೇಸಿಗೆಯಿಂದ ಕಂಪ್ಯೂಟರ್ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ನಿಲ್ಲತೊಡಗಿತು. ಎರಡು ಪುಟ ಆಗುವಷ್ಟರಲ್ಲಿ ನೀಲಿ. ಸೇವ್ ಮಾಡದ ಬರಹವೆಲ್ಲ ಮಾಯ. ಗಂಗಾ ಅಳುತ್ತಿದ್ದಳು, ಊಟ ಬಿಡುತ್ತಿದ್ದಳು. ಅವಳ ಮಾವ ಮಹಾಂತಪ್ಪನವರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮಾತು ಕಡಿಮೆ. ಅವರು ಒಂದು ದಿನ ನನಗೇ ಫೋನ್ ಮಾಡಿದರು.

“ನೀಲಪ್ಪಾ, ಆ ನಿನ್ನ ಡಬ್ಬಿ ನಮ್ಮ ಹುಡುಗೀನ್ನ ಅಳಸತೈತಿ. ಇನ್ನೊಂದು ಸಲ ಕೆಟ್ಟಿತಂದ್ರ ನಿನ್ನ ಅಂಗಡಿಗೆ ತಂದು ಇಟ್ಟು ಹೋಗತೇನಿ. ಹೊಳ್ಳಿ ಒಯ್ಯಂಗಿಲ್ಲ ನೋಡು.”

ಅವರು ಆಡಿದ್ದನ್ನು ಮಾಡುವ ಮನುಷ್ಯ. ಕಂಪ್ಯೂಟರ್ ಮನೆಯಿಂದ ಹೊರಬಿದ್ದರೆ ಗಂಗಾಳ ಕೆಲಸ ಮುಗಿದಂತೆಯೇ. ನಾನು ಬಸ್ಸು ಹತ್ತಿ ಹೋಗಿ ಬಿಚ್ಚಿ ನೋಡಬೇಕಿತ್ತು. ಆದರೆ ಜಾಣನಿಗೆ ಬಿಚ್ಚಿ ನೋಡುವ ಗರಜು ಏನು? ಕೂತಲ್ಲೇ ತೀರ್ಮಾನಿಸಿದೆ: ಬಯಾಸ್ ಹಳೆಯದಾಗಿದೆ, ಹೊಸದು ಹಾಕಿದರೆ ಎಲ್ಲ ಸರಿಹೋಗುತ್ತದೆ.

ಬಯಾಸ್ ಇರುವುದು ಕಂಪ್ಯೂಟರಿನ ಬೋರ್ಡಿನ ಮೇಲಿರುವ ಒಂದು ಸಣ್ಣ ಚಿಪ್ಪಿನಲ್ಲಿ. ಗುಂಡಿ ಒತ್ತಿದಾಗ ಕಂಪ್ಯೂಟರಿಗೆ ನಿನ್ನ ಕೈ ಎಲ್ಲಿ, ಕಾಲು ಎಲ್ಲಿ ಎಂದು ನೆನಪು ಮಾಡಿಕೊಡುವುದು ಅದೇ. ಅದರೊಳಗಿನ ಬರಹ ಅಳಿಸಿ ಹೊಸದನ್ನು ಬರೆಯಬಹುದು. ಬರೆಯುವ ಆ ಮೂರು ನಿಮಿಷದಲ್ಲಿ ಕರೆಂಟು ಹೋಯಿತೋ, ಹಳೆಯದೂ ಇಲ್ಲ, ಹೊಸದೂ ಇಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ.

ಅದಕ್ಕಾಗಿ ಎಲ್ಲ ಬಂದೋಬಸ್ತ್ ಮಾಡಿದೆ. ಹೊಸ ಬರಹವನ್ನು ಸಿ.ಡಿ.ಗೆ ಹಾಕಿದೆ. ಕರೆಂಟು ಹೋದರೂ ಹತ್ತು ನಿಮಿಷ ತಡೆಯಲಿ ಎಂದು ನನ್ನ ಅಂಗಡಿಯ ಯುಪಿಎಸ್ಸನ್ನೇ ಆ ಸಿ.ಡಿ. ಜೊತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸವದತ್ತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಮರುದಿನ ಮಧ್ಯಾಹ್ನ ಫೋನಿನಲ್ಲೇ ಚಿಕಿತ್ಸೆ ಶುರು ಮಾಡಿದೆ.

ಅವರ ಮನೆಯಲ್ಲಿ ಫೋನ್ ಪಡಸಾಲೆಯಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ಫೋನಿನ ವೈರು ಬಾಗಿಲ ತನಕ ಮಾತ್ರ ಬರುತ್ತಿತ್ತು. ಹಾಗಾಗಿ ಗಂಗಾಳ ಅತ್ತೆ ರಾಚವ್ವನವರು ರಿಸೀವರ್ ಹಿಡಿದು ಬಾಗಿಲಲ್ಲಿ ನಿಂತರು. ನಾನು ಹೇಳಿದ್ದನ್ನು ಒಳಗೆ ಕೂಗುವುದು, ಸೊಸೆ ಹೇಳಿದ್ದನ್ನು ನನಗೆ ಮುಟ್ಟಿಸುವುದು. ಅವರಿಗೆ ಗಂಗಾ ಎಂದರೆ ಜೀವ. ಅವಳ ಕೆಲಸದಲ್ಲಿ ತಮಗೂ ಒಂದು ಕೈ ಸಿಕ್ಕಿತೆಂದು ದನಿಯಲ್ಲೇ ಹಿಗ್ಗು ಕೇಳುತ್ತಿತ್ತು.

“ಚಾಲೂ ಆತಂತ ನೋಡು ತಮ್ಮಾ. ಹಸರ ಗೆರಿ ಓಡಾಕ ಹತ್ತೇತಂತ.”

“ಎಷ್ಟು ಪರ್ಸೆಂಟ್ ಆಗೇತಿ ಕೇಳ್ರಿ ಅತ್ತಿಯಾರ.”

“ಎಷ್ಟಾತವಾ? ಹಾಂ... ಭಾಳ ಸಣ್ಣದೈತಂತ, ಅಂಕಿ ಕಾಣವಲ್ದಂತ.”

“ಹಂಗಾರ ದೊಡ್ಡದು ಮಾಡಂತ ಹೇಳ್ರಿ.”

“ಅಯ್ಯ, ಅಷ್ಟಕ್ಕ ಆಕೀನ್ನ ಯಾಕ ಎಬ್ಬಸ್ಲಿ? ನನ್ನ ಕಾಲ ಬಾಜೂಕ ಐತಿ. ನಾನ ಮಾಡತೇನಿ.”

ಟಕ್ ಎಂದು ಸದ್ದಾಯಿತು. ಹಿಂದೆಯೇ “ಅತ್ತೀ!” ಎಂದು ಗಂಗಾ ಚೀರಿದಳು.

“ದೊಡ್ಡದ ಮಾಡೀನಿ ನೋಡಪಾ,” ಎಂದರು ರಾಚವ್ವನವರು.

ಆಗ ನನಗೆ ಹೊಳೆಯಿತು. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ದೀಪವನ್ನು ‘ಆರಿಸು’ ಎನ್ನುವುದಿಲ್ಲ, ಅದು ಅಪಶಕುನ. ‘ದೊಡ್ಡದು ಮಾಡು’ ಎನ್ನುತ್ತಾರೆ. ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ನಾನು ಹೇಳಿದ್ದು ಪರದೆಯ ಮೇಲಿನ ಚೌಕವನ್ನು ಹಿಗ್ಗಿಸಲು. ಅವರು, ಬಾಗಿಲ ಬಳಿ ಕೆಂಪು ದೀಪ ಹಚ್ಚಿಕೊಂಡು ಕೂತಿದ್ದ ಯುಪಿಎಸ್ಸಿನ ಬೆಳಕಿಗೇ ಅಂಕಿ ಕಾಣುತ್ತಿಲ್ಲವೆಂದು ತಿಳಿದು, ಅದರ ಗುಂಡಿ ಒತ್ತಿ ಆರಿಸಿದ್ದರು. ಕರೆಂಟಿನಿಂದ ಕಾಪಾಡಲು ಅಷ್ಟೆಲ್ಲ ಮಾಡಿದ ನಾನು ಕನ್ನಡದಿಂದ ಕಾಪಾಡಲು ಏನೂ ಮಾಡಿರಲಿಲ್ಲ.

ಗಂಗಾ ಫೋನಿಗೆ ಬಂದಳು. “ಅಣ್ಣಾ, ಹೊಳ್ಳಿ ಹಚ್ಚಿ ನೋಡಿದೆ. ಫ್ಯಾನ್ ತಿರಗತೈತಿ, ಪರದೆ ಕಪ್ಪನ ಐತಿ,” ಎಂದು ಪಿಸುಗುಟ್ಟಿದಳು. ಆಮೇಲೆ ಅತ್ತೆಗೆ ಕೇಳಲೆಂದೇ ದನಿ ಏರಿಸಿ, “ನೀವೇನ್ ಮಾಡಿಲ್ಲಂತ್ರಿ ಅತ್ತಿ, ಅದ ಹೊತ್ತಿಗೆ ಕರೆಂಟ್ ಹೋಗಿತ್ತಂತ, ಅಣ್ಣ ಹೇಳಾಕ ಹತ್ಯಾನ,” ಎಂದಳು. ನಾನು ಬಾಯಿಯೇ ತೆರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಹಾಂತಪ್ಪನವರು ಇಳಿದರು. ಕಂಪ್ಯೂಟರ್ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಅದನ್ನು ನನ್ನ ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತರು. ಆಡಿದಂತೆ ತಂದು ಇಟ್ಟೇಬಿಟ್ಟರು ಎಂದುಕೊಂಡೆ.

ಬಿಚ್ಚಿದೆ. ಅದೇ ಜಾತಿಯ ಬೋರ್ಡೊಂದು ನನ್ನಲ್ಲಿತ್ತು. ಅದನ್ನು ಅದರ ಚಿಪ್ಪಿನಿಂದ ಚಾಲೂ ಮಾಡಿ, ನಡೆಯುತ್ತಿರುವಾಗಲೇ ಆ ಚಿಪ್ಪು ಕಿತ್ತು, ಸತ್ತ ಚಿಪ್ಪನ್ನು ಕೂರಿಸಿ ಹಳೆಯ ಬರಹವನ್ನೇ ಮತ್ತೆ ಬರೆದೆ. ಒಮ್ಮೆ ಚಾಲೂ ಆದ ಬೋರ್ಡು ಚಿಪ್ಪಿಲ್ಲದೆಯೂ ನಡೆಯುತ್ತದೆ. ಅದನ್ನು ಗಂಗಾಳ ಬೋರ್ಡಿಗೆ ಮರಳಿಸಿದಾಗ ಪರದೆ ಹೊತ್ತಿಕೊಂಡಿತು. ಬದುಕಿತು ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ನೀಲಿ.

ಆಗ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೆಮೊರಿ ಪಟ್ಟಿಯನ್ನು ಹೊರತೆಗೆದೆ. ಅದರ ಹಲ್ಲುಗಳಿಗೆ ಕಪ್ಪು ಹಿಡಿದಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಒತ್ತಿ ಕೂರಿಸಿದೆ. ಮಧ್ಯಾಹ್ನದ ತನಕ ಓಡಿಸಿದರೂ ನೀಲಿ ಬರಲಿಲ್ಲ. ಬಯಾಸ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಮುಚ್ಚಿಡಬಹುದಿತ್ತು. ಅವರಿಗೇನು ತಿಳಿಯುತ್ತಿತ್ತು? ಆದರೆ ಆ ಕೌದಿಯನ್ನು ನೋಡಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಮಾಮಾರ, ಇದು ಒಂದು ರಬ್ಬರಿನ ಕೆಲಸ ಇತ್ರಿ. ನಾ ಬಂದು ನೋಡದ, ಸುಮ್ಮನ ಇಲ್ಲದ್ದು ಮಾಡಿಸಿದೆ. ತಪ್ಪು ಪೂರಾ ನಂದು. ಇದನ್ನ ಇಲ್ಲೇ ಬಿಟ್ಟು ಹೋಗ್ತೇನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಂಗಾ...”

ಮಹಾಂತಪ್ಪನವರು ಕೈಯೆತ್ತಿ ನನ್ನ ಮಾತು ನಿಲ್ಲಿಸಿದರು. “ಆಕಿ ಅಳತಾಳಂತ ನಾ ಹಂಗ ಅಂದಿದ್ದೆ. ನಿನ್ನಿ ಇದು ಪೂರಾ ಸತ್ತಿತ್ತಲ್ಲ, ಆಕಿ ಅಳಲಿಲ್ಲ. ಅಳಾಕ ಹತ್ತಿದಾಕಿ ನಮ್ಮಾಕಿ. ಗಂಗವ್ವ ಆಕೀನ್ನ ಬಾಜೂಕ ಕುಂಡ್ರಿಸ್ಕೊಂಡು, ತುತ್ತು ಮಾಡಿ ಉಣಿಸಿದ್ಲು. ಇಂಥಾಕಿ ಕೈಯಾಗಿಂದ ಇದನ್ನ ಕಸಗೊಂಡು ನಾ ಹೆಂಗ ಹೊಳ್ಳಿ ಮನಿಗೆ ಹೋಗ್ಲಿ? ಶಟರ್ ಎಳಿ. ನೀನೂ ಬಾ.”

ತಂಗಿಯನ್ನು ಒಳ್ಳೆಯ ಮನೆಗೆ ಕೊಟ್ಟಿದ್ದೇವೆ ಎಂದು ಎಲ್ಲ ಅಣ್ಣಂದಿರೂ ಹೇಳಿಕೊಳ್ಳುತ್ತಾರೆ. ನನಗೆ ಅದು ಖಚಿತವಾದದ್ದು ಅವತ್ತು. ಸವದತ್ತಿ ತನಕ ಆ ಡಬ್ಬಿಯನ್ನು ಅವರು ನನ್ನ ತೊಡೆಗೆ ಕೊಡಲಿಲ್ಲ.

ರಾಚವ್ವನವರು ಕಟ್ಟೆಯ ಮೇಲೆಯೇ ಕಾದಿದ್ದರು. ಮುಖ ಬಾಡಿತ್ತು. ಗಂಗಾ ಅವರ ಹಿಂದೆ ನಿಂತಿದ್ದಳು.

“ಖರೇ ಹೇಳು ತಮ್ಮಾ, ನಾ ಕೆಡಿಸಿದ್ನೇನು?”

“ಇಲ್ರಿ ಅತ್ತಿಯಾರ. ಕೆಡಿಸಿದಾವ ನಾನು. ಈಗ ನೆಟ್ಟಗಾಗೇತಿ.”

ಅವರಿಗೆ ನಂಬಿಕೆ ಬರಲಿಲ್ಲ. ಗಂಡನ ಕಡೆ ತಿರುಗಿದರು. “ಕರೆಂಟ್ ಹೋಗಿತ್ತಂತ ಗಂಗಾ ಅಂತಾಳ. ಹೋಗಿತ್ತೇನ್ರಿ?”

ಹಿಂದಿನ ಮಧ್ಯಾಹ್ನ ಸವದತ್ತಿಯಲ್ಲಿ ಕರೆಂಟು ಹೋಗಿರಲೇ ಇಲ್ಲ. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದ ಮಹಾಂತಪ್ಪನವರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

“ಹೋಗಿತ್ತು,” ಎಂದರು ಅವರು, ಡಬ್ಬಿಯನ್ನು ಒಳಗೆ ಒಯ್ಯುತ್ತ. “ನಮ್ಮ ಅಂಗಡ್ಯಾಗೂ ಹೋಗಿತ್ತು.”

ಗಂಗಾ ಅತ್ತದ್ದು ಆಗ.