ಲಾಗ್‌ಬುಕ್ಕಿನ ಹಿಂದಿನ ಪುಟಗಳು

ಆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಲಿಫ್ಟು ಮತ್ತೆ ಕೈಕೊಟ್ಟಿತ್ತು. ನಾನು ಏಣಿ ಹತ್ತಿ, ಬಾಗಿಲು ಮುಚ್ಚಿದರಷ್ಟೇ ಲಿಫ್ಟು ಓಡಲು ಬಿಡುವ, ಬಾಗಿಲ ಮೇಲಿನ ಸ್ವಿಚ್ಚು ಬಿಚ್ಚುತ್ತಿದ್ದೆ. ಕೆಳಗೆ ಮಗಳು ಅರ್ಜಿ ಹಿಡಿದು ನಿಂತಿದ್ದಳು. ಕಾಲೇಜಿನಲ್ಲಿ ಐದು ಗಂಟೆಯವರೆಗೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಾರೆ, ಅದೂ ಪಾಲಕರ ಸಹಿ ಇದ್ದರೆ.

"ಅಪ್ಪಾ, ಒಂದೇ ಒಂದು ಸಹಿ."

"ಇಪ್ಪತ್ತೆರಡು ವರ್ಷ ಗ್ರೀಸಲ್ಲಿ ಕೈ ಅದ್ದಿದ್ದು ನೀನು ಇತಿಹಾಸ ಓದ್ಲಿ ಅಂತನಾ? ಎಲೆಕ್ಟ್ರಿಕಲ್ ಅಂತ ಬರ್ಕೊಂಡು ಬಾ, ಹಲ್ಲಲ್ಲಿ ಪೆನ್ನು ಕಚ್ಚಿಯಾದ್ರೂ ಸಹಿ ಹಾಕ್ತೀನಿ. ಸತ್ತೋರ ಕತೆಯಿಂದ ಯಾರ ಹೊಟ್ಟೆ ತುಂಬಿದೆ?"

"ಬದುಕಿರೋರ ಕತೆನೂ ಓದ್ತೀನಿ ಬಿಡು."

"ಮೊದಲು ಲಿಫ್ಟು, ಆಮೇಲೆ ಅರ್ಜಿ."

ನಿಜ ಹೇಳಬೇಕೆಂದರೆ, ಹೇಗಾದರೂ ಐದು ಗಂಟೆ ದಾಟಲಿ ಎಂದೇ ಕಾಯುತ್ತಿದ್ದೆ. ದುಡ್ಡಿಗಾಗಿ ನಾನು ಪಟ್ಟ ಪಾಡು ಅವಳಿಗೆ ಬೇಡ.

ಮೆಟ್ಟಿಲ ಮೇಲೆ ಕೂತವಳು ಹೊತ್ತು ಹೋಗದೆ ಲಿಫ್ಟಿನ ಲಾಗ್‌ಬುಕ್ಕು ಎತ್ತಿಕೊಂಡಳು. ನಮ್ಮ ಕಸುಬಿನಲ್ಲಿ ಅದರ ಹಿಂದಿನ ಪುಟ ಯಾರೂ ತಿರುವುವುದಿಲ್ಲ. ಕೊನೆಯ ದೂರು ನೋಡು, ಅದರ ಕೆಳಗೆ 'ಸ್ವಿಚ್ಚು ಬದಲಾಯಿಸಿದೆ' ಅಂತ ಬರೆ, ನಡೆ. ಇವಳು ಮೊದಲ ಪುಟದಿಂದ ಶುರು ಮಾಡಿದಳು.

"ಅಪ್ಪಾ, ಇದೇ ಬಾಗಿಲಿಗೆ ಹದಿನಾಲ್ಕು ಸಲ ಸ್ವಿಚ್ಚು ಹಾಕಿದ್ದೀಯ."

"ಈಗಿನ ಮಾಲೇ ಕಳಪೆ ಕಣೇ."

ಅವಳು ಮೊಬೈಲಿನಲ್ಲಿ ತಾರೀಕುಗಳನ್ನು ತಾಳೆ ನೋಡುತ್ತಿದ್ದಳು. "ಹದಿನಾಲ್ಕೂ ಸೋಮವಾರ. ಇವತ್ತೂ ಸೋಮವಾರ."

"ಸ್ವಿಚ್ಚಿಗೇನು ವಾರ ಗೊತ್ತಾಗುತ್ತಾ?"

"ಸ್ವಿಚ್ಚಿಗಿಲ್ಲ, ಮನುಷ್ಯರಿಗೆ ಗೊತ್ತಾಗುತ್ತೆ" ಎನ್ನುತ್ತಲೇ ಮೇಲಕ್ಕೆ ಹೋದಳು.

ಸ್ವಲ್ಪ ಹೊತ್ತಿಗೆ ಮೂರನೇ ಮಹಡಿಯಿಂದ ನಗು ಕೇಳಿಸಿತು. ನಾನು ಹೊಸ ಸ್ವಿಚ್ಚು ಕೂರಿಸಿದೆ. ಲಿಫ್ಟು ಓಡಿತು. ಏಣಿ ಮಡಚುವಾಗ ಅವಳು ಇಳಿದು ಬಂದಳು.

"ಮೇಲೆ ಒಬ್ಬರು ಅಜ್ಜಿ ಇದ್ದಾರೆ. ಒಂದೊಂದು ಸೋಮವಾರ ಮೊಮ್ಮಕ್ಕಳು ಬರ್ತಾರಂತೆ. ನೆಲದ ಮೇಲೇ ಆಡ್ತಾರೆ ಅಂತ ಎರಡು ಬಕೆಟ್ ನೀರು ಹೊಯ್ದು ಹೊರಗೆಲ್ಲ ತೊಳೀತಾರೆ. ನೆಲ ಲಿಫ್ಟಿನ ಕಡೆಗೇ ಇಳಿಜಾರು."

ಮತ್ತೆ ಏಣಿ ಹಾಕಿ ಸ್ವಿಚ್ಚಿನ ಮೇಲಿನ ಚೌಕಟ್ಟು ಮುಟ್ಟಿ ನೋಡಿದೆ. ಇನ್ನೂ ತೇವವಿತ್ತು. ಮೇಲಿನ ಬಾಗಿಲ ಸಂದಿಯಿಂದ ಇಳಿದ ನೀರು. ನಾನು ಕೆಲಸ ಮುಗಿಸುವಷ್ಟರಲ್ಲಿ ಅದು ಸೋರುವುದು ನಿಲ್ಲುತ್ತಿತ್ತು, ಲಿಫ್ಟು ಓಡುತ್ತಿತ್ತು. ಎರಡು ವರ್ಷ ಅದನ್ನು ನನ್ನ ಕೈಗುಣ ಅಂದುಕೊಂಡಿದ್ದೆ!

"ಒಂದು ಸಲನೂ ಮೇಲೆ ಹೋಗಿ ಕೇಳಿಲ್ವಾ?"

"ಕೆಟ್ಟಿದ್ದು ಎರಡನೇ ಮಹಡಿ ಅಲ್ವೇನೇ..." ನನ್ನ ಮಾತು ನನಗೇ ಪೆಚ್ಚೆನಿಸಿತು. "ಅಜ್ಜೀನ ಬೈದು ಬಂದ್ಯಾ?"

"ಬೈಯೋದ್ಯಾಕೆ? ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು ಅಂದೆ, ಒಪ್ಪಿದ್ರು. ಟೀನೂ ಕೊಟ್ರು."

ನಾನಾಗಿದ್ದರೆ ಜಗಳವಾಡಿ ಬರುತ್ತಿದ್ದೆ. ಇತಿಹಾಸ ಓದಿದವರೆಲ್ಲ ಲಿಫ್ಟು ಸರಿಮಾಡುತ್ತಾರೆಂದಲ್ಲ. ಮುಂದೆ ಇವಳಿಗೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯ ಈಗಲೂ ಇದೆ. ಆದರೆ ಹದಿನಾಲ್ಕು ಸಲ ನನಗೆ ಹೊಳೆಯದ ಪ್ರಶ್ನೆ ಅವಳಿಗೆ ಕೂತಲ್ಲೇ ಹೊಳೆದಿತ್ತು. ಆ ಕುತೂಹಲವನ್ನು ಹೊಸಕಿಹಾಕಲು ನಾನು ಯಾರು?

"ಲಾಗ್‌ಬುಕ್ಕಲ್ಲಿ ಇದನ್ನ ನೀನೇ ಬರಿ. ದಪ್ಪಕ್ಷರದಲ್ಲಿ. ಮುಂದೆ ರಿಪೇರಿಗೆ ಬರೋದೂ ನನ್ನಂಥೋರೇ ತಾನೆ?"

ಅವಳು ಬರೆಯುತ್ತಿದ್ದಂತೆ ಕೈ ಒರೆಸಿಕೊಂಡು ಅರ್ಜಿ ಎಳೆದುಕೊಂಡೆ. ಸಹಿ ಹಾಕಿದೆ. ಎಷ್ಟು ಒರೆಸಿದ್ದರೂ 'ಇತಿಹಾಸ'ದ ಪಕ್ಕ ಹೆಬ್ಬೆರಳಿನ ಕಪ್ಪು ಗುರುತು ಬಿತ್ತು.

"ನಾಲ್ಕೂವರೆ ಆಯ್ತು. ಲಿಫ್ಟಲ್ಲಿ ಹೋಗು, ಬೇಗ ಇಳೀತೀಯ."

"ಅಯ್ಯೋ ಬೇಡಪ್ಪ, ಇವತ್ತು ಸೋಮವಾರ!" ಎನ್ನುತ್ತಾ ಎರಡೆರಡು ಮೆಟ್ಟಿಲು ಹಾರಿ ಓಡಿದಳು.