ಎಂಟು ದಿನದ ಬೆಳಕು

ನಮ್ಮ ಹುಳುಗಳ ಕೋಣೆಯಲ್ಲಿ ಹೊರಗಿನ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನಡುರಾತ್ರಿ. ದೀಪಗಳಿಗೆ ಟೈಮರ್ ಹಾಕಿ ಹಗಲನ್ನೂ ರಾತ್ರಿಯನ್ನೂ ತಿರುವಿ ಇಟ್ಟಿದ್ದಾರೆ, ಕತ್ತಲಲ್ಲಿ ಎಲೆ ಹಾಕುವ ನಮ್ಮಂಥವರು ನಿದ್ದೆಗೆಡದಿರಲಿ ಅಂತ. ಒಳಗೆ ಹೋಗುವಾಗ ಹಣೆಗೆ ಕೆಂಪು ಟಾರ್ಚ್ ಕಟ್ಟಿಕೊಳ್ಳಬೇಕು. ಕೆಂಪು ಬೆಳಕು ಆ ಹುಳುಗಳಿಗೆ ಕಾಣುವುದಿಲ್ಲ. ಮೊಬೈಲ್ ಮಾತ್ರ ಬಾಗಿಲ ಹೊರಗಿನ ಡಬ್ಬಿಯಲ್ಲೇ ಇಡಬೇಕು.

ಹನ್ನೊಂದು ವರ್ಷ ಇಟ್ಟಿದ್ದೆ. ಹೋದ ತಿಂಗಳು ಎಂಟು ದಿನ ಇಡಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ನೋಡಿಕೊಂಡು ಹೋದ ಮೇಲೆ, ಹನ್ನೆರಡರ ಹೊತ್ತಿಗೆ ತಂಗಿ ಮೆಸೇಜ್ ಕಳಿಸುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡ ಫೋನ್ ಗುರ್ ಅಂದರೆ ಸಾಕು, ಕೈಯಲ್ಲಿದ್ದ ಎಲೆ ಬಿಟ್ಟು ತೆಗೆಯುತ್ತಿದ್ದೆ. ಕೋಣೆಯೊಳಗೇ ನಿಂತು ಓದಿ, ಉತ್ತರ ಒತ್ತುವಷ್ಟರಲ್ಲಿ ಐದಾರು ನಿಮಿಷ. ಅಮ್ಮ ಹುಷಾರಾಗಿ ಮನೆಗೆ ಬಂದಳು. ಫೋನ್ ಮತ್ತೆ ಡಬ್ಬಿ ಸೇರಿತು.

ಆ ಹುಳುಗಳು ಒಬ್ಬ ಸಂಶೋಧಕಿಯವು. ವಯಸ್ಸಲ್ಲಿ ನನ್ನ ಮಗಳಷ್ಟು. ಹೊತ್ತು ತಪ್ಪದೆ ಬರುತ್ತಾಳೆಂದು ಅವಳಿಗೆ ನಾನಿಟ್ಟ ಹೆಸರು ಗಡಿಯಾರಮ್ಮ. ಮೂರು ವರ್ಷದಿಂದ ಎರಡು ಬಳಗ ಸಾಕಿದ್ದಳು. ಒಂದು ಮಾಮೂಲಿ. ಇನ್ನೊಂದರಲ್ಲಿ ಹೊತ್ತನ್ನು ಎಣಿಸುವ ಜೀನನ್ನೇ ಕೆಡಿಸಿದ್ದಳು. ರಾತ್ರಿ ಉದ್ದವಾದರೆ ಚಳಿಗಾಲ ಬಂತೆಂದು ಮಾಮೂಲಿ ಹುಳು ಮೇವು ಬಿಟ್ಟು ಮಲಗಬೇಕು, ಜೀನ್ ಕೆಟ್ಟದ್ದು ಮಲಗಬಾರದು. ಅದನ್ನು ನೋಡಲೆಂದೇ ಹೋದ ತಿಂಗಳಿಂದ ಕೋಣೆಯ ರಾತ್ರಿಯನ್ನು ಉದ್ದ ಮಾಡಿದ್ದಳು. ಒಮ್ಮೆ ಅವಳೇ ಹೇಳಿದ್ದಳು: "ಅಕ್ಕಾ, ನಡುರಾತ್ರಿ ಒಂದು ದಿನ ಬೆಳಕು ಬಿದ್ರೆ ಪರವಾಗಿಲ್ಲ. ದಿನಾ ಬಿದ್ರೆ ಮುಗೀತು. ಒಂದು ಉದ್ದದ ರಾತ್ರೀನ ಎರಡು ಚಿಕ್ಕ ರಾತ್ರಿ ಅನ್ಕೊಂಡು, ಇದು ಬೇಸಿಗೆ ಅಂತ ನಂಬಿಬಿಡ್ತವೆ."

ನಾನು ಹೂಂಗುಟ್ಟಿದ್ದೆ. ತಲೆಯೊಳಗೆ ಎಲೆ ತೊಳೆಯುವ ಕೆಲಸವಿತ್ತು.

ನಿನ್ನೆ, ಎಷ್ಟು ಮಲಗಿವೆ ಎಂಬ ಎಣಿಕೆ. ಟ್ರೇಗಳನ್ನೆಲ್ಲ ಹೊರಗೆ ತಂದು ಮುಚ್ಚಳ ತೆಗೆದೆವು. ಮಾಮೂಲಿ ಬಳಗದ ಮೊದಲ ಐದು ಟ್ರೇಗಳಲ್ಲಿ ಹುಳುಗಳು ಗಬಗಬನೆ ಎಲೆ ತಿನ್ನುತ್ತಿದ್ದವು. ನಾನು ಫೋನ್ ಹಿಡಿದು ನಿಲ್ಲುತ್ತಿದ್ದ ಜಾಗ ನೆನಪಾಯಿತು. ಅವಳು ಎರಡು ಸಲ ಎಣಿಸಿ, ಗೋಡೆಗೊರಗಿ ಕೂತಳು.

"ಬಳಗ ಬೆರೆತುಹೋಗಿದೆ ಅಕ್ಕಾ. ನಾನೇ ಎಲ್ಲೋ ಎಡವಟ್ಟು ಮಾಡ್ಕೊಂಡಿದೀನಿ. ಇನ್ನು ಯಾವುದನ್ನೂ ನಂಬೋಕಾಗಲ್ಲ. ಎಲ್ಲಾ ಫ್ರೀಜರ್‌ಗೆ ಹಾಕಿಬಿಡಿ."

"ಎಲ್ಲಾನೂ? ಮೇಡಂ, ಇವು ಬೇರೆಲ್ಲೂ ಸಿಗಲ್ವಲ್ಲ?"

"ಹಾಕಿ ಅಕ್ಕಾ."

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಅಮ್ಮನ ಔಷಧಿ ನಡೆಯುವುದು ಇದರಿಂದಲೇ. ಬಾಯಿ ಮುಚ್ಚಿಕೊಂಡರೆ ಇನ್ನರ್ಧ ಗಂಟೆಯಲ್ಲಿ ನನ್ನ ತಪ್ಪೂ ಮರಗಟ್ಟಿ ಸತ್ತಿರುತ್ತದೆ, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ನಾನು ಮೊದಲಿಂದಲೂ ಪುಕ್ಕಲಿ. ಮೊದಲ ಟ್ರೇ ಒಯ್ದು ಹಾಕಿದೆ. ಎರಡನೆಯದನ್ನು ಎತ್ತಿಕೊಂಡಾಗ ಒಳಗಿಂದ ಎಲೆ ಕಡಿಯುವ ಸಣ್ಣ ಸದ್ದು ಕೇಳಿಸಿತು. ಹೆಜ್ಜೆ ಮುಂದಿಡಲಾಗಲಿಲ್ಲ.

"ಒಂದ್ನಿಮಿಷ ಒಳಗೆ ಬಾಮ್ಮ," ಅಂದೆ. ಮೇಡಂ ಅನ್ನುವುದು ಮರೆತೇ ಹೋಗಿತ್ತು.

ಕತ್ತಲ ಕೋಣೆಯಲ್ಲಿ ಆ ದಿನಗಳಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಫೋನ್ ತೆಗೆದು ಒತ್ತಿದೆ. ಖಾಲಿ ರ‍್ಯಾಕಿನ ಮೇಲೆ ನಂಬರ್ ಚೀಟಿಗಳು ಬೆಳಗಿದವು: ಒಂದು, ಎರಡು, ಮೂರು, ನಾಲ್ಕು, ಐದು. ಅದರಾಚೆ ನನ್ನ ಮೈ ಅಡ್ಡ ಬಂದು ಬರೀ ಕತ್ತಲು.

ಅವಳು ಬೆರಳಿಟ್ಟು ಚೀಟಿಗಳನ್ನು ಎಣಿಸಿದಳು.

"ಎಷ್ಟು ದಿನ?"

"ಎಂಟು."

ಬೈಯಲಿಲ್ಲ. ಫ್ರೀಜರ್ ಕಡೆ ಓಡಿದಳು.

ಆ ಟ್ರೇಯನ್ನು ಮೇಜಿನ ಮೇಲಿಟ್ಟು ಒಂದು ಗಂಟೆ ಕಾದೆವು. ಅವಳು ಕುಂಚದಿಂದ ಒಂದೊಂದನ್ನೇ ಮುಟ್ಟಿ ನೋಡಿದಳು. "ಮಲಗಿದ್ದಿದ್ರೆ ಇಷ್ಟು ಚಳಿ ತಡ್ಕೋತಿದ್ವೇನೋ," ಅಂದಳು. ನನ್ನ ಬೆಳಕನ್ನು ನಂಬಿ ಎಚ್ಚರವಿದ್ದವು. ಒಂದೂ ಮಿಸುಕಲಿಲ್ಲ.

ಆಮೇಲೆ ದಾಖಲೆ ಪುಸ್ತಕ ನನ್ನತ್ತ ತಳ್ಳಿದಳು. "ನೀವೇ ಬರೀರಿ. ನಾಳೆ ನಿರ್ದೇಶಕರು ನೋಡ್ತಾರೆ. ತಾರೀಖು ನೆನಪಿದ್ಯಾ?"

ಅಮ್ಮ ಇವತ್ತು ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿದ ದಿನಗಳು. ಎಂಟನ್ನೂ ಒಂದೇ ಉಸಿರಿಗೆ ಬರೆದೆ.